ಮುರಿಯಲೆಂದೇ ಹುಟ್ಟಿದ ಕುರ್ಚಿ

ನಾನೊಂದು ಕುರ್ಚಿ. ಕೂರುವುದಕ್ಕೆಂದು ಮಾಡಿದ ಕುರ್ಚಿಯಲ್ಲ, ಮುರಿಯುವುದಕ್ಕೆಂದೇ ಮಾಡಿದ ಕುರ್ಚಿ. ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಸಭೆಗಳಲ್ಲಿ ಅಧ್ಯಕ್ಷರನ್ನು ಹೊತ್ತು ಆಯುಷ್ಯವಿಡೀ ಗಟ್ಟಿಯಾಗಿ ನಿಂತ ಕುರ್ಚಿಗಳಿಗೆ ಯಾರೂ ಚಪ್ಪಾಳೆ ತಟ್ಟಿದ್ದನ್ನು ನಾನು ಕಾಣೆ. ನನಗಾದರೋ ಬಿದ್ದಾಗಲೆಲ್ಲ ಶಿಳ್ಳೆ ಸಿಗುತ್ತಿತ್ತು.

ನಮ್ಮ ನಾಟಕ ಕಂಪನಿಯ ಕ್ಯಾಂಪು ಗದಗದಲ್ಲಿದ್ದಾಗ ಮೋದಿನಸಾಬ ನನ್ನನ್ನು ಮಾಡಿದ. ಪರದೆ ಎಳೆಯುವುದರಿಂದ ಹಿಡಿದು ಸಿಂಹಾಸನಕ್ಕೆ ಬಣ್ಣ ಬಳಿಯುವವರೆಗೆ ರಂಗದ ಹಿಂದಿನ ಕೆಲಸವೆಲ್ಲ ಅವನದೇ. ಸಾಗವಾನಿ ತುಂಡುಗಳನ್ನು ಜೋಡಿಸಿ, ಹಿಂದಿನ ಒಂದು ಕಾಲಿಗೆ ಮಾತ್ರ ಕೀಲು ಕೂರಿಸಿ, ಅದು ಮಡಚದಂತೆ ಬೆಣೆ ಸಿಕ್ಕಿಸಿ, ಬೆಣೆಗೊಂದು ಕರಿ ದಾರ ಕಟ್ಟಿದ. ದಾರದ ಇನ್ನೊಂದು ತುದಿ ಪರದೆಯ ಹಿಂದೆ ಅವನ ಕೈಯಲ್ಲಿರುತ್ತಿತ್ತು. ಅವನು ಜಗ್ಗಿದರೆ ಬೆಣೆ ಕಳಚಿ, ಕಾಲು ಮಡಚಿ, ನಾನು ಧೊಪ್ಪೆಂದು ಮಲಗುತ್ತಿದ್ದೆ.

ನನ್ನ ಮೇಲೆ ಕೂರುತ್ತಿದ್ದವಳು ನೀಲಾಬಾಯಿ ಇಳಕಲ್. ಕಂಪನಿಯ ಹಾಸ್ಯನಟಿ. ಗಂಡನನ್ನು ಗದರಿಸುವ ಜೋರು ಹೆಂಡತಿಯ ಪಾತ್ರ. ಅವಳ ಗಾತ್ರ ಏನೆಂದು ಕೇಳುತ್ತೀರಾ? ಅವಳು ರಂಗಕ್ಕೆ ಬಂದರೆ ಹಲಗೆಗಳು ಮೊದಲು ನಮಸ್ಕಾರ ಹೇಳುತ್ತಿದ್ದವು. ಬೈದು ಬೈದು ದಣಿದು ನನ್ನ ಮೇಲೆ ಕೂರುವಳು, ಮೋದಿನಸಾಬ ದಾರ ಜಗ್ಗುವನು, ಇಬ್ಬರೂ ಉರುಳುವೆವು. ಜನ ಹೊಟ್ಟೆ ಹಿಡಿದುಕೊಂಡು ನಕ್ಕು ‘ಒನ್ಸ್ ಮೋರ್’ ಎಂದು ಕೂಗುವರು. ಕಂಪನಿ ನಾಟಕದಲ್ಲಿ ಒನ್ಸ್ ಮೋರ್ ಎಂದರೆ ಮುಗಿಯಿತು, ಅದೇ ದೃಶ್ಯವನ್ನು ಮತ್ತೆ ಆಡಲೇಬೇಕು. ನಾವು ಮತ್ತೆ ಬೀಳುತ್ತಿದ್ದೆವು.

ಒಂದು ಗುಟ್ಟು ನನಗೆ ಮಾತ್ರ ಗೊತ್ತಿತ್ತು. ಕೂರುವ ಮೊದಲು ನೀಲಾಬಾಯಿ ಅಂಗೈಯಿಂದ ನನ್ನನ್ನು ಒಮ್ಮೆ ಅಮುಕಿ ನೋಡುತ್ತಿದ್ದಳು. ಬೀಳುವುದೇ ಕೆಲಸವಾಗಿದ್ದಾಗ ಅಮುಕಿ ನೋಡುವುದೇಕೆ? ಅದು ರೂಢಿ. ಹಿಂದೊಮ್ಮೆ ಸಂಬಂಧಿಕರ ಮದುವೆಯಲ್ಲಿ ಪ್ಲಾಸ್ಟಿಕ್ ಕುರ್ಚಿಯೊಂದು ಅವಳ ಕೆಳಗೆ ನಿಜವಾಗಿ ಮುರಿದಿತ್ತಂತೆ. ನಾಟಕವೆಂದೇ ತಿಳಿದು ಜನ ನಕ್ಕರಂತೆ, ಅವಳೂ ನಕ್ಕಳಂತೆ. ಆಮೇಲೆ ಊಟಕ್ಕೆ ಕೂರದೆ ಮನೆಗೆ ಬಂದುಬಿಟ್ಟಳಂತೆ. ಅಂದಿನಿಂದ ಯಾವ ಕುರ್ಚಿಯನ್ನೂ ಅವಳು ನಂಬಲಿಲ್ಲ.

ಬರಬರುತ್ತ ಮಂಡಿ ನೋವು, ಸಕ್ಕರೆ ಕಾಯಿಲೆ, ಏದುಸಿರು ಜೊತೆಯಾದವು. ರಂಗದ ಮೆಟ್ಟಿಲು ಹತ್ತಲು ಇಬ್ಬರು ಕೈ ಕೊಡಬೇಕಾಯಿತು. ಹುಬ್ಬಳ್ಳಿಯ ಡಾಕ್ಟರು ಹೊಟ್ಟೆ ಸಣ್ಣದು ಮಾಡುವ ಆಪರೇಶನ್ ಹೇಳಿದರು. ಕಂಪನಿ ಮಾಲೀಕ ಚನ್ನಬಸಯ್ಯನವರ ಮುಖ ಸಪ್ಪಗಾಯಿತು.

“ನೀಲವ್ವಾ, ಜನ ನಿನ್ನ ನೋಡಾಕ ಬರ್ತಾರವಾ.”

“ನನ್ನ ನೋಡಾಕ ಬರ್ತಾರೋ, ನನ್ನ ಸೊಂಟ ನೋಡಾಕ ಬರ್ತಾರೋ, ಯಜಮಾನ್ರ?” ಎಂದು ನಗುತ್ತಲೇ ಕೇಳಿ ಅವಳು ಆಸ್ಪತ್ರೆಗೆ ಹೋದಳು. ತಮಾಷೆಗೆ ಕೇಳಿದ ಆ ಪ್ರಶ್ನೆ ಮುಂದೆ ಅವಳನ್ನು ಎಷ್ಟು ಕಾಡಿತೆಂಬುದು ನನಗೆ ಗೊತ್ತು.

ವರ್ಷ ಕಳೆಯುತ್ತ ಬಂದಾಗ ಕ್ಯಾಂಪಿಗೆ ತೆಳ್ಳಗಿನ ಹೆಂಗಸೊಬ್ಬಳು ಬಂದಳು. ಬಾಗಿಲು ಕಾಯುವವನು “ತಿಕೀಟ ತೋರಸ್ರಿ ಅಕ್ಕಾರ” ಎಂದು ತಡೆದ. “ಮೂಳಾ, ನಿನಗ ಚಾ ಕುಡಿಸಿದ ನೀಲಾಬಾಯಿ ನಾನು!” ಎಂಬ ದನಿ ಕೇಳಿದ್ದೇ ತಡ, ಮೋದಿನಸಾಬ ಸುತ್ತಿಗೆ ಕೆಳಗಿಟ್ಟು ಓಡಿದ. ಮಂಡಿ ನೋವಿಲ್ಲ, ಸಕ್ಕರೆ ಹತೋಟಿಗೆ ಬಂದಿದೆ, ಮೆಟ್ಟಿಲನ್ನು ಒಬ್ಬಳೇ ಹತ್ತಿದಳು. ನನಗೆ ಎಷ್ಟು ಖುಷಿಯಾಯಿತೆಂದರೆ ಬೆಣೆ ಹಾಗೇ ಕಳಚುವುದರಲ್ಲಿತ್ತು.

ಆದರೆ ಹಳೆಯ ಪಾತ್ರಕ್ಕೆ ಹಳೆಯ ಮೈ ಬೇಡವೇ? ಅವಳು ಸೀರೆಯೊಳಗೆ ದಿಂಬು ಕಟ್ಟಿಕೊಂಡಳು. ಇದ್ದ ಮೈ ಕಳೆಯಲು ಅಷ್ಟು ಪಡಿಪಾಟಲು ಪಟ್ಟವಳು ಅದನ್ನೇ ಹತ್ತಿಯಲ್ಲಿ ಮತ್ತೆ ಹೊತ್ತಳು. ಅಂದಿನ ಆಟದಲ್ಲಿ ನಾನು ಮುರಿದಾಗ ದಿಂಬು ಜಾರಿ ಹೊರಗೆ ಬಂತು. ಜನ ನಕ್ಕರು, ಆದರೆ ಅದು ಬೇರೆ ನಗು. ಹಿಂದಿನ ಸಾಲಿನಿಂದ ಒಬ್ಬ ಕೂಗಿದ: “ಇದು ಡುಪ್ಲಿಕೇಟ್! ನಮ್ಮ ನೀಲಾಬಾಯಿ ಎಲ್ಲಿ?”

ಅವಳು ಬಣ್ಣ ತೊಳೆದುಕೊಂಡು, ಕಂಪನಿ ಬಿಟ್ಟು ಮನೆಗೆ ಹೊರಟಳು. “ಇದರ ನೌಕರಿನೂ ನನ್ನ ಜೋಡಿನ ಹೋತು, ತಂದು ಹಾಕು” ಎಂದು ಮೋದಿನಸಾಬನಿಗೆ ಹೇಳಿ ನನ್ನನ್ನೂ ಒಯ್ದಳು.

ಅವಳ ಮನೆಯಲ್ಲಿ ಕಳೆದ ದಿನಗಳ ನೆನಪೇ ನನಗೆ ಬೇಡ. ಮೊದಲಾದರೆ ದುಃಖವಾದಾಗ ಬಿಸಿ ಮಿರ್ಚಿ ಭಜಿ ತರಿಸಿ ತಿಂದು ಹಗುರಾಗುತ್ತಿದ್ದಳು. ಈಗ ಎರಡು ತುತ್ತಿಗೆ ಹೊಟ್ಟೆ ಸಾಕೆನ್ನುತ್ತಿತ್ತು, ದುಃಖ ಮಾತ್ರ ಮೊದಲಿನಷ್ಟೇ ದೊಡ್ಡದಿತ್ತು. ಕನ್ನಡಿಗೆ ಸೀರೆ ಹೊದಿಸಿಬಿಟ್ಟಳು. ಬಾಗಿಲಲ್ಲಿ ಅಡ್ಡಡ್ಡ ನುಸುಳುತ್ತಿದ್ದಳು, ಅವಳಂಥ ಇಬ್ಬರು ಹೋಗುವಷ್ಟು ಜಾಗವಿದ್ದರೂ. ನನ್ನ ಮೇಲೆ ಕೂರುವ ಮೊದಲು ಈಗಲೂ ಅಮುಕಿ ನೋಡುತ್ತಿದ್ದಳು. ಗುಬ್ಬಿಯಂತಾಗಿದ್ದೀಯಲ್ಲೇ, ಕೂತುಕೋ ಎಂದು ನಾನು ಎಷ್ಟು ಹೇಳಿಕೊಂಡರೂ ಅವಳಿಗೆ ಕೇಳಬೇಕಲ್ಲ!

ತಪಾಸಣೆಗೆ ಬರಲಿಲ್ಲವೆಂದು ಆಸ್ಪತ್ರೆಯ ಮನಸ್ಸಿನ ಡಾಕ್ಟರು ವೈಜಯಂತಿ ಒಂದು ದಿನ ಫೋನು ಮಾಡಿದರು. ನೀಲಾಬಾಯಿ ಫೋನನ್ನು ನನ್ನ ಮೇಲೆಯೇ ಇಟ್ಟು ಸ್ಪೀಕರಿನಲ್ಲಿ ಮಾತಾಡಿದ್ದರಿಂದ ಎಲ್ಲವೂ ಕೇಳಿಸಿತು.

“ಹೊಟ್ಟಿ ಸಣ್ಣದು ಮಾಡಿದ್ರಿ. ತಲ್ಯಾಗಿನ ನೀಲಾಬಾಯಿ ಇನ್ನೂ ಅಷ್ಟ ದಪ್ಪ ಅದಾಳ್ರಿ. ಹೊರಗಿನಾಕಿ ಯಾರಂತ ನನಗ ಗೊತ್ತಿಲ್ಲ.”

“ಭಾಳ ಮಂದಿಗೆ ಹಿಂಗ ಆಗ್ತದರಿ,” ಎಂದರು ಡಾಕ್ಟರು. “ಮೈ ಲಗೂ ಇಳೀತದ, ಮನಸ್ಸಿಗೆ ಇನ್ನಷ್ಟು ದಿನ ಬೇಕು. ಇದಕ್ಕೂ ಔಷಧ ಅದ, ಮಾತೂ ಅದ. ಒಬ್ರೇ ಕುಂಡ್ರಬ್ಯಾಡ್ರಿ, ನಮ್ಮ ಗುಂಪಿಗೆ ಬರ್ರಿ.”

ಅವಳು ಹೋದಳು. ಬಂದವಳ ಮುಖದಲ್ಲಿ ಎಷ್ಟೋ ದಿನದ ಮೇಲೆ ಹಳೆಯ ಕಳೆಯಿತ್ತು. ಮೋದಿನಸಾಬನನ್ನು ಕರೆಸಿ ಚಹಾ ಕೊಟ್ಟು ಹೇಳಿದಳು:

“ಸಾಬಣ್ಣಾ, ಅಲ್ಲಿ ಎಲ್ಲಾರೂ ನನ್ನಂಗ ಆಪರೇಶನ್ ಆದವ್ರು. ಕಡ್ಡಿಯಂಗ ಆಗ್ಯಾರ. ಆದ್ರ ಒಬ್ಬೊಬ್ರು ಬಂದು ಕುರ್ಚಿ ಅಮುಕಿ ನೋಡಿ ಕುಂದರ್ತಾರ! ಮಾಸ್ತರೊಬ್ರು ಅಂತೂ ಅಳ್ಳಾಡಿಸಿ ನೋಡಿದ್ರು. ನಾನು ಒಬ್ಬಾಕೀನ ಹುಚ್ಚಿ ಅಂತ ತಿಳ್ಕೊಂಡಿದ್ನೋ! ನಕ್ಕೇನಿ ನಕ್ಕೇನಿ, ಕಡೀಕ ಎಲ್ಲಾರೂ ನಕ್ರು.”

ಹೇಳುತ್ತ ಹೇಳುತ್ತ ಕಣ್ಣೊರೆಸಿಕೊಂಡಳು. ಆಮೇಲೆ ನನ್ನತ್ತ ನೋಡಿದಳು. “ಯಜಮಾನ್ರಿಗೆ ಹೇಳು, ಬರ್ತೇನಿ. ದಿಂಬು ಬ್ಯಾಡ. ದಾರಾನೂ ಜಗ್ಗಬ್ಯಾಡ.”

“ಜಗ್ಗಲಿಲ್ಲಂದ್ರ ಜನ ಯಾಕ ನಗ್ತಾರ?”

“ನಗಲಿಲ್ಲಂದ್ರ ನಾನು ನೀಲಾಬಾಯಿ ಅಲ್ಲ ಅಂತ ಗೊತ್ತಾಗ್ತೈತಿ. ಅದನ್ನ ನೋಡೇಬಿಡೂಣು.”

ಆ ಸಂಜೆ ಮೋದಿನಸಾಬ ನನ್ನನ್ನು ಮತ್ತೆ ರಂಗಕ್ಕೆ ಹೊತ್ತು ತಂದ. ಜನರೆದುರು ನನಗೆ ಬೀಳುವುದು ಗೊತ್ತು, ನಿಲ್ಲುವುದು ಗೊತ್ತಿರಲಿಲ್ಲ. ಅವಳು ಬಂದಾಗ ಜನ ಗುಜುಗುಜು ಮಾಡಿದರು. ಅವಳು ಗಂಡನನ್ನು ಗದರಿಸಿದಳು, ನನ್ನ ಹತ್ತಿರ ಬಂದಳು. ನನ್ನನ್ನು ಅಮುಕಿದಳು. ಜನರ ಕಡೆ ನೋಡಿದಳು. ಮತ್ತೆ ಅಮುಕಿದಳು. ಸುತ್ತು ಹಾಕಿ, ಬಗ್ಗಿ ನನ್ನ ಕೆಳಗೆ ಇಣುಕಿ, ಗಂಡನ ಪಾತ್ರದವನಿಗೆ “ನೀ ಮೊದಲು ಕುಂದ್ರು” ಎಂದಳು. ಅವನು ಓಡಿಹೋದ. ಇಷ್ಟು ವರ್ಷ ಬಚ್ಚಿಟ್ಟಿದ್ದ ಗುಟ್ಟನ್ನೇ ಅವಳು ಎಲ್ಲರೆದುರು ಆಡಿ ತೋರಿಸುತ್ತಿದ್ದಳು! ನಗು ಮುಂದಿನ ಸಾಲಿನಿಂದ ಹಿಂದಕ್ಕೆ ಹರಿಯಿತು. “ಕುಂದ್ರು ನೀಲವ್ವಾ!” ಎಂದು ಯಾರೋ ಕೂಗಿದರು.

ಅವಳು ಕೂತಳು. ಇಡೀ ಥಿಯೇಟರು ನಾನು ಬೀಳುವುದನ್ನೇ ಕಾಯಿತು. ನಾನು ಬೀಳಲಿಲ್ಲ.

“ಯಾಕ, ಮುರೀಲಿಲ್ಲಂತ ಬ್ಯಾಸರಾತೇನು?” ಎಂದಳು ನೀಲಾಬಾಯಿ ಜನರಿಗೆ. “ನನಗೂ ಮೊದಮೊದಲು ಹಂಗ ಆಗಿತ್ತು!”

ತಗಡಿನ ಚಾವಣಿ ಹಾರಿಹೋಗುವಂತೆ ನಕ್ಕರು. ಚಪ್ಪಾಳೆ, ಶಿಳ್ಳೆ, ಆಮೇಲೆ ‘ಒನ್ಸ್ ಮೋರ್’. ಕೇಳಿದ ಮೇಲೆ ಆಡಲೇಬೇಕಲ್ಲ. ಅವಳು ಎದ್ದು ಒಳಗೆ ಹೋಗಿ ಮತ್ತೆ ಬಂದಳು. ಅದೇ ಗದರಿಕೆ, ಅದೇ ನಡಿಗೆ. ಅಮುಕುವ ಕೈಗಾಗಿ ನಾನು ಕಾದೆ. ಕೈ ಬರಲೇ ಇಲ್ಲ. ನಗುನಗುತ್ತ, ಮರೆತೇಬಿಟ್ಟವಳಂತೆ, ಅವಳು ನೇರವಾಗಿ ಬಂದು ನನ್ನ ಮೇಲೆ ಕೂತುಬಿಟ್ಟಳು.

ಈಗ ನನಗೆ ವಯಸ್ಸಾಗಿದೆ. ಕೀಲಿನ ಕಾಲಿಗೆ ಮೋದಿನಸಾಬನೇ ಮೊಳೆ ಹೊಡೆದು ಭದ್ರ ಮಾಡಿದ್ದಾನೆ. ನೀಲಾಬಾಯಿಗೆ ಮಂಕು ಕವಿಯುವ ದಿನಗಳು ಈಗಲೂ ಬರುತ್ತವೆ, ಆಗ ಡಾಕ್ಟರಿಗೆ ಫೋನು ಹೋಗುತ್ತದೆ. ನಾನಿರುವುದು ಆಸ್ಪತ್ರೆಯಲ್ಲಿ ಆ ಗುಂಪು ಸೇರುವ ಕೋಣೆಯ ಮೂಲೆಯಲ್ಲಿ, ಅವಳೇ ತಂದಿಟ್ಟದ್ದು. ಹೊಸದಾಗಿ ಬಂದವರು ನನ್ನನ್ನು ಅಮುಕಿ ನೋಡುತ್ತಾರೆ. “ಅದು ಮುರಿಯೂ ಕುರ್ಚಿನ ಹೌದ್ರಿ,” ಎನ್ನುತ್ತಾಳೆ ನೀಲಾಬಾಯಿ, “ಈಗ ಆ ಚಟ ಬಿಟ್ಟೈತಿ.” ಅವರು ನಗುತ್ತಾರೆ. ನಕ್ಕವರು ಕೂರುತ್ತಾರೆ. ಅಮುಕಿದರೆ ನನಗೇನೂ ಬೇಸರವಿಲ್ಲ. ಮರೆಯುವ ದಿನ ಬರುವವರೆಗೆ ಅಮುಕಲಿ, ನಾನು ಇಲ್ಲೇ ನಿಂತಿರುತ್ತೇನೆ.