ಮಾತು ಎತ್ತಿಕೊಡುವ ಕೆಲಸ

"ಈ ಕೆಲಸಕ್ಕೆ ನೀವು ತುಂಬಾ ದೊಡ್ಡವರಾದ್ರಿ ರಾಜರೇ" ಎಂದರು ಮ್ಯಾನೇಜರು. ಇಲ್ಲ ಎನ್ನುವುದಕ್ಕೆ ಇದಕ್ಕಿಂತ ಮೃದುವಾದ ದಾರಿ ಅವರಿಗೆ ಕಾಣಲಿಲ್ಲ.

ರಾಜರು ಎಂದರೆ ರಾಜ್ಯ ಕೋಶ ಇದ್ದವರೇನಲ್ಲ. ಈ ನಾಟಕ ಕಂಪನಿಯಲ್ಲಿ ಮೂವತ್ತು ವರ್ಷ ಮುದಿ ರಾಜನ ಪಾತ್ರ ಮಾಡಿ ಮಾಡಿ, ಕೊನೆಗೆ ತರಕಾರಿ ಅಂಗಡಿಯವನೂ "ರಾಜರೇ, ಬದನೆಕಾಯಿ ಎಳೇದಿದೆ" ಎಂದು ಕೂಗುವ ಮಟ್ಟಕ್ಕೆ ಬಂದಿದ್ದ ನಟ. ಹೆಂಡತಿಗೂ ಅದೇ ಲೆಕ್ಕದಲ್ಲಿ ರಾಣಿಯಮ್ಮ ಎಂಬ ಹೆಸರು ಬಿದ್ದಿತ್ತು. ಪಾಪ, ಆಕೆ ಜೀವಮಾನವಿಡೀ ಪಾತ್ರೆ ತಿಕ್ಕಿದ್ದು ಬಿಟ್ಟರೆ ಬೇರೆ ರಾಣಿತನ ಕಂಡವರಲ್ಲ. ಹೋದ ವರ್ಷ ರಾಜರು "ಹೊಸಬರಿಗೆ ಜಾಗ ಬಿಡಬೇಕು" ಎಂದು ದೊಡ್ಡ ಮಾತಾಡಿ, ಹೂಗುಚ್ಛ, ಭಾಷಣ, ಚಪ್ಪಾಳೆ ಎಲ್ಲ ಪಡೆದು ನಿವೃತ್ತರಾಗಿದ್ದರು. ಈಗ ಕಂಪನಿಯ ಹಳೇ ಪ್ರಾಂಪ್ಟರು ಮಗಳ ಮನೆಗೆ ಹೊರಟುಹೋದರೆಂದು ತಿಳಿದು, ಆ ಜಾಗ ನನಗೆ ಕೊಡಿ ಎಂದು ಬಂದು ಕೂತಿದ್ದಾರೆ.

ಪ್ರಾಂಪ್ಟರ್ ಎಂದರೆ ರಂಗದ ಪಕ್ಕ, ಪರದೆಯ ಮರೆಯಲ್ಲಿ ಸ್ಟೂಲಿನ ಮೇಲೆ ಕೂತು, ಸಣ್ಣ ಬಲ್ಬಿನ ಬೆಳಕಿನಲ್ಲಿ ನಾಟಕದ ಪುಸ್ತಕ ಹಿಡಿದು, ನಟರಿಗೆ ಮರೆತಾಗ ಪಿಸುದನಿಯಲ್ಲಿ ಮಾತು ಎತ್ತಿಕೊಡುವವನು. ಅವನ ಹೆಸರು ಪೋಸ್ಟರಿನಲ್ಲಿ ಇರುವುದಿಲ್ಲ. ಅವನ ದನಿ ಜನರಿಗೆ ಕೇಳಿಸಿತೆಂದರೆ ಅವನು ಕೆಲಸ ಕೆಡಿಸಿದ ಎಂದೇ ಅರ್ಥ.

"ಗುಬ್ಬಿ ಮೇಲೆ ಬ್ರಹ್ಮಾಸ್ತ್ರ ಬಿಟ್ಟ ಹಾಗಾಗುತ್ತೆ" ಎಂದರು ಮ್ಯಾನೇಜರು. ಯಾವುದೋ ಕಾಲದಲ್ಲಿ ಅವರು ಈಟಿ ಹಿಡಿದು ಇದೇ ರಾಜರ ಸಿಂಹಾಸನದ ಹಿಂದೆ ನಿಂತವರು. ಇವತ್ತಿಗೂ ರಾಜರೆದುರು ಕುರ್ಚಿಯ ತುದಿಯಲ್ಲೇ ಕೂರುತ್ತಾರೆ. "ಜನ ಏನಂತಾರೆ? ರಾಜರನ್ನ ತಂದು ಮೂಲೇಲಿ ಕೂರಿಸಿದ ಅಂತ ನನ್ನ ಮುಖಕ್ಕೇ ಉಗೀತಾರೆ."

"ಮೂಲೇಲಿ ಕೂರ್ತೀನಿ ಅಂತ ನಾನೇ ಬಾಯಿಬಿಟ್ಟು ಕೇಳ್ತಿದೀನಲ್ಲಯ್ಯ!"

"ನಾಲ್ಕು ದಿನ ಕೂರ್ತೀರಿ. ಆಮೇಲೆ ಬೇಜಾರಾಗಿ ಎದ್ದು ಹೋಗ್ತೀರಿ. ಇದರ ಬದಲು ಮುಖ್ಯ ಅತಿಥಿಯಾಗಿ ಬನ್ನಿ. ಮುಂದಿನ ಸಾಲಲ್ಲಿ ನಿಮಗೇ ಅಂತ ಸೋಫಾ ಹಾಕಿಸ್ತೀನಿ."

"ನಿನ್ನ ಸೋಫಾಗೆ ಬೆಂಕಿ ಹಾಕ. ನಾಳೆ ತಾಲೀಮಿಗೆ ಒಂದ್ಸಲ ಕೂರಿಸಿ ನೋಡು. ಆಗದಿದ್ರೆ ಮತ್ತೆ ಈ ಕಡೆ ತಲೆ ಹಾಕಲ್ಲ."

ಮ್ಯಾನೇಜರಿಗೆ ಬಿಸಿ ತುಪ್ಪ ಬಾಯಿಗೆ ಬಿದ್ದಂತಾಯಿತು. ನುಂಗಲಾರದೆ, ಉಗುಳಲಾರದೆ ತಲೆಯಾಡಿಸಿದರು.

ಮನೆಗೆ ಬಂದಾಗ ರಾಣಿಯಮ್ಮ ಅಡುಗೆಮನೆಯಲ್ಲಿದ್ದರು. ಗಂಡನ ಮುಖ ನೋಡಿದ್ದೇ ತಡ, ಒಂದೇ ಪ್ರಶ್ನೆ ಕೇಳಿದರು.

"ನಿಜ ಹೇಳಿದ್ರಾ?"

"ಏನು ನಿಜ?"

"ಹ್ಞಾಂ, ನನ್ನ ಮುಂದೆ ನಾಟಕ ಬೇಡ."

ನಿಜ ಏನೆಂದರೆ, ರಾಜರು ಹೊಸಬರಿಗೆ ಜಾಗ ಬಿಟ್ಟದ್ದೂ ಇಲ್ಲ, ತ್ಯಾಗ ಮಾಡಿದ್ದೂ ಇಲ್ಲ. ಅವರಿಗೆ ಮಾತು ಮರೆಯುತ್ತಿತ್ತು. ನಿದ್ದೆಯಲ್ಲಿ ಎಬ್ಬಿಸಿದರೂ ಒಪ್ಪಿಸುತ್ತಿದ್ದ ಮಾತುಗಳು ರಂಗದ ನಡುವೆ ನಿಂತಾಗ ಕೈಕೊಡತೊಡಗಿದವು. ಹಳೇ ಪ್ರಾಂಪ್ಟರೊಬ್ಬರೇ ಅದನ್ನು ತಿಳಿದು, ಯಾರಿಗೂ ಗೊತ್ತಾಗದಂತೆ ದಡ ಮುಟ್ಟಿಸಿದ್ದರು. ಮನೆಯಲ್ಲಿ ಕೂತ ಮೇಲೆ ಮರೆವು ಇನ್ನೂ ಜೋರಾಯಿತು. ಬಾಗಿಲ ಚಿಲಕಕ್ಕೆ ಏನನ್ನುತ್ತಾರೆಂದು ಒಂದು ದಿನ ಹೊಳೆಯಲಿಲ್ಲ. ಇನ್ನೊಂದು ದಿನ ಸ್ವಂತ ಅಕ್ಕನ ಹೆಸರು. ಡಾಕ್ಟರು ಮಾತ್ರೆ ಬರೆದುಕೊಟ್ಟು, "ಒಬ್ಬರೇ ಕೂರಬೇಡಿ, ಮಾತಿನ ನಡುವೆ ಇರಿ. ಬಳಸಿದ ಮಾತು ಬೇಗ ಬಿಟ್ಟುಹೋಗಲ್ಲ" ಎಂದಿದ್ದರು. ರಾಜರಿಗೆ ಮಾತಿನ ನಡುವೆ ಎಂದರೆ ಗೊತ್ತಿದ್ದದ್ದು ಒಂದೇ ಜಾಗ. ಅಲ್ಲಿ ಪುಸ್ತಕ ಕೈಯಲ್ಲಿ ಹಿಡಿದೇ ಮಾಡುವ ಕೆಲಸವೂ ಒಂದೇ ಇತ್ತು.

"ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅಂತಾರೆ" ಎಂದರು ರಾಣಿಯಮ್ಮ. "ನಿಮಗೆ ಆಡದೇನೇ ಹೋಗ್ತಿದೆ. ಆ ಮ್ಯಾನೇಜರ ಹತ್ರ ಇದ್ದದ್ದು ಇದ್ದ ಹಾಗೆ ಹೇಳಿಬಿಡಿ ಅಂದ್ರೆ."

"ಹೇಳಿದ್ರೆ ಊರೆಲ್ಲ ಡಂಗುರ. ಎದುರು ಸಿಕ್ಕವರೆಲ್ಲ ಅಯ್ಯೋ ಪಾಪ ಅಂತಾರೆ."

"ಅಂದುಕೊಳ್ಳಲಿ ಬಿಡಿ! ಅಂದವರ ಬಾಯಿ ನೋಯುತ್ತೆ. ನಿಮಗೆ ಮರ್ಯಾದೆ ಉಳಿದು ನನ್ನ ಹೆಸರು ಮರೆತುಹೋದ್ರೆ ನಾನೇನು ಮಾಡ್ಲಿ?"

ಅಷ್ಟು ಹೇಳಿ ಆಕೆ ಒಲೆಯ ಕಡೆ ತಿರುಗಿಬಿಟ್ಟರು. ರಾಜರಿಗೆ ಭಯವಾಗಿತ್ತು.

ಮರುದಿನದ ತಾಲೀಮು ಕಂಪನಿಯ ಹಿಂದಿನ ತಗಡಿನ ಶೆಡ್ಡಿನಲ್ಲಿ. ರಾಜನ ಪಾತ್ರಕ್ಕೆ ಈಗ ಹೊಸ ನಟನೊಬ್ಬ ಬಂದಿದ್ದ. ಎತ್ತರದ ಆಳು, ಚೆಂದದ ಮೀಸೆ, ಕಷ್ಟಪಟ್ಟು ಕಲಿಯುವವ. ಹೊಸ ರಾಜ ಬಂದವನೇ ಹಳೇ ರಾಜರ ಕಾಲು ಮುಟ್ಟಿ ನಮಸ್ಕರಿಸಿದ.

ಮೊದಲನೇ ತೊಂದರೆ ರಾಜರ ಪಿಸುದನಿ. ಮೂವತ್ತು ವರ್ಷ ಕಾಲ ಕೊನೇ ಸಾಲಿನ ಬೆಂಚಿಗೂ ಕೇಳಿಸುವ ಹಾಗೆ ಪಿಸುಗುಟ್ಟಿದ ಗಂಟಲು ಅದು, ಒಂದೇ ದಿನದಲ್ಲಿ ಬಗ್ಗುತ್ತದೆಯೇ? "ಎಲೈ ಸೇನಾಪತಿ" ಎಂದು ಮೆಲ್ಲಗೆ ಎತ್ತಿಕೊಟ್ಟರೆ ಹೊರಗೆ ಸೈಕಲ್ ಒರೆಸುತ್ತಿದ್ದವನೂ ತಿರುಗಿ ನೋಡಿದ. ಸೇನಾಪತಿ ಪಾತ್ರದವನು ಅಭ್ಯಾಸಬಲದಿಂದ ಪರದೆಯ ಕಡೆಗೇ ಕೈ ಮುಗಿದುಬಿಟ್ಟ. ಎಲ್ಲರೂ ನಕ್ಕರು, ಹೊಸ ರಾಜನೊಬ್ಬ ಬಿಟ್ಟು.

ಎರಡನೇ ತೊಂದರೆ ಇದಕ್ಕಿಂತ ದೊಡ್ಡದಾಯಿತು. ಹೊಸ ರಾಜ ಗಂಭೀರವಾದ ಮಾತಿಗೆ ಮುಂಚೆ ನಿಂತು, ಎಡಗೈಯಿಂದ ನಿಧಾನವಾಗಿ ಮೀಸೆ ತಿರುವಿದ. ತಕ್ಷಣ ಪರದೆಯ ಹಿಂದಿನಿಂದ ರಾಜರು ಮಾತು ಎತ್ತಿಕೊಟ್ಟರು. ಇಬ್ಬರ ದನಿಯೂ ಡಿಕ್ಕಿ ಹೊಡೆಯಿತು. ಮತ್ತೆ ಮೊದಲಿನಿಂದ ಶುರುಮಾಡಿದರು. ಮತ್ತೆ ಮೀಸೆ, ಮತ್ತೆ ಮಾತು, ಮತ್ತೆ ಡಿಕ್ಕಿ. ಇನ್ನೊಮ್ಮೆ ಹಾಗೇ ಆದಾಗ ಹೊಸ ರಾಜ ರಟ್ಟಿನ ಕಿರೀಟ ತೆಗೆದು ಸಿಂಹಾಸನದ ಮೇಲೆ ಕುಕ್ಕಿದ.

"ನಂಗೆ ಮಾತು ಬರುತ್ತೆ ಸರ್! ಮರೆತಿಲ್ಲ ನಾನು!"

"ಮತ್ತೆ ಮೀಸೆ ಯಾಕೆ ಮುಟ್ಟಿದೆ?"

"ಅದು ನಿಮ್ಮದೇ ಅಲ್ವಾ ಸರ್? ಕೊನೇ ಎರಡು ವರ್ಷ ನೀವು ಮಾಡ್ತಿದ್ದದ್ದು. ಮೀಸೆಗೆ ಕೈ ಹೋದ್ರೆ ಸಾಕು, ಜನ ಶಿಳ್ಳೆ ಹೊಡೀತಿದ್ರು. ದಿನಾ ಬಂದು ನೋಡಿ ಕಲ್ತಿದೀನಿ ನಾನು." ಆ ಹುಡುಗನ ಕಣ್ಣಲ್ಲಿ ನೀರು ತುಂಬಿತ್ತು. ಅವನು ಮ್ಯಾನೇಜರ ಕಡೆ ತಿರುಗಿದ. "ದಯವಿಟ್ಟು ಬೇರೆ ಯಾರನ್ನಾದ್ರೂ ಕೂರಿಸಿ. ಇವರಿಗೆ ಒಂದಿನಾನೂ ಮಾತು ಮರೆತಿಲ್ಲ. ಮರೆಯೋರ ಸಂಕಟ ಇವರಿಗೇನು ಗೊತ್ತು? ಇವರ ಎದುರಿಗೆ ನಾನು ತಪ್ಪೋದಾದ್ರೂ ಹೇಗೆ?"

ಮ್ಯಾನೇಜರು ಎದ್ದು ಬಂದರು. "ನಾನು ನಿನ್ನೇನೇ ಹೇಳಿದ್ನಲ್ಲ ರಾಜರೇ. ನಿಮ್ಮ ಯೋಗ್ಯತೆಗೆ ಇದು ತಕ್ಕದ್ದಲ್ಲ. ಬನ್ನಿ, ಟೀ ಕುಡಿಯೋಣ."

ಅಲ್ಲ, ನೀವೇ ಹೇಳಿ, ಆಗ ಆ ಮನುಷ್ಯ ಏನು ಮಾಡಬೇಕಿತ್ತು? ಮರ್ಯಾದೆಯಾಗಿ ಟೀ ಕುಡಿದು ಮನೆಗೆ ಹೋಗಬಹುದಿತ್ತು. ದೊಡ್ಡವರು ಎಂಬ ಹೆಸರು ಹಾಗೇ ಉಳಿಯುತ್ತಿತ್ತು. ರಾಜರು ಸ್ಟೂಲಿನಿಂದ ಎದ್ದದ್ದೇನೋ ಹೋಗುವುದಕ್ಕೇ. ಆದರೆ ಕಣ್ಣೆದುರು ಆ ಹುಡುಗ, ಅವರ ಸಂಕಟವನ್ನೇ ಗಾಂಭೀರ್ಯ ಎಂದು ನಂಬಿ ಕಲಿತು ನಿಂತಿದ್ದ. ಅವರಿಗೆ ನಾಚಿಕೆಯಾಯಿತು.

"ಅದು ಗಾಂಭೀರ್ಯ ಅಲ್ಲಪ್ಪ" ಎಂದರು. "ನಂಗೆ ಮಾತು ಮರೆತುಹೋಗ್ತಿತ್ತು. ಮರೆತಾಗ ಮೀಸೆ ಮುಟ್ತೀನಿ, ಎತ್ತಿಕೊಡು ಅಂತ ಹಳೇ ಪ್ರಾಂಪ್ಟರಿಗೆ ಹೇಳಿಟ್ಟಿದ್ದೆ. ಜನ ಶಿಳ್ಳೆ ಹೊಡೆದಾಗೆಲ್ಲ ನಾನು ಒಳಗೆ ಬೆವರ್ತಾ ನಿಂತಿರ್ತಿದ್ದೆ. ಜಟ್ಟಿ ಬಿದ್ರೂ ಮೀಸೆ ಮಣ್ಣಾಗ್ಲಿಲ್ಲ ಅಂತಾರಲ್ಲ, ಹಾಗೆ ನಡೆಸ್ಕೊಂಡು ಬಂದೆ. ಅದಕ್ಕೇ ಬಿಟ್ಟೆ. ಈಗ ಇನ್ನೂ ಜಾಸ್ತಿ ಆಗಿದೆ. ಮನೇಲಿ ಕೂತ್ರೆ ಎಲ್ಲಾ ಹೋಗುತ್ತೆ ನಂದು."

ಸೇನಾಪತಿ ನೆಲ ನೋಡುತ್ತಿದ್ದ.

"ನನ್ನ ಹತ್ರಾನಾದ್ರೂ ಹೇಳಬಾರ್ದಿತ್ತಾ?" ಎಂದರು ಮ್ಯಾನೇಜರು.

"ಹೇಳಿದ್ರೆ ಕೆಲಸ ಕೊಡ್ತಿದ್ಯಾ?"

ಮ್ಯಾನೇಜರು ಸ್ಟೂಲಿನ ಕಡೆ ನೋಡಿದರು. ಮರೆಯುವವರನ್ನು ಕಂಪನಿಯ ನೆನಪು ಕಾಯಲು ಕೂರಿಸುವುದು ಹೇಗೆ? ನೋಡಿ ಲೋಕದ ನ್ಯಾಯ! ನಿನ್ನೆ ಯೋಗ್ಯತೆ ಜಾಸ್ತಿಯಾಗಿತ್ತು, ಇವತ್ತು ಕಡಿಮೆಯಾಯಿತು. ಈ ಕೆಲಸಕ್ಕೆ ಸರಿಯಾಗಿ ಆ ಮನುಷ್ಯ ಯಾವ ಗಳಿಗೆಯಲ್ಲಿ ಇದ್ದರೋ ದೇವರಿಗೇ ಗೊತ್ತು.

"ಓದೋದು ಮರೆತಿಲ್ಲ ಕಣಯ್ಯಾ" ಎಂದರು ರಾಜರು. ಇಂಥ ಬೇಡಿಕೆಯ ದನಿ ಅವರ ಬಾಯಿಂದ ಯಾವ ನಾಟಕದಲ್ಲೂ ಬಂದಿರಲಿಲ್ಲ. "ಪುಸ್ತಕ ಮುಂದಿರುತ್ತೆ. ಅದೂ ತಪ್ಪಿದ ದಿನ ನಾನೇ ಎದ್ದು ಹೇಳ್ತೀನಿ."

ಹೊಸ ರಾಜ ಮ್ಯಾನೇಜರ ಉತ್ತರಕ್ಕೆ ಕಾಯಲಿಲ್ಲ. ಕಿರೀಟ ತಲೆಗಿಟ್ಟುಕೊಂಡು, "ಮೊದಲಿಂದ ತಗೊಳ್ಳೋಣ ಸರ್" ಎಂದ.

ರಾಜರು ಸ್ಟೂಲಿನ ಮೇಲೆ ಕೂತು ಸಾಲಿನ ಕೆಳಗೆ ಬೆರಳಿಟ್ಟರು. ಹುಡುಗ ಈ ಸಲ ಮೀಸೆಯ ತಂಟೆಗೆ ಹೋಗಲಿಲ್ಲ. ಮಗನನ್ನು ಕಳೆದುಕೊಂಡ ರಾಜನ ಮಾತು ಬಂತು. ಮೂವತ್ತು ವರ್ಷ ರಾಜರು ಗುಡುಗಿದ್ದ ಮಾತನ್ನು ಅವನು ಮೆಲ್ಲಗೆ, ತನ್ನಷ್ಟಕ್ಕೆ ತಾನೇ ಎಂಬಂತೆ ಹೇಳಿದ. ರಾಜರ ಹೊಟ್ಟೆ ಉರಿಯಿತು, ಸುಳ್ಳೇಕೆ. ಹೀಗಲ್ಲ ಎಂದು ಹೇಳಹೊರಟವರು ಬೆರಳನ್ನು ಮುಂದಿನ ಸಾಲಿಗೆ ಸರಿಸಿದರು.

ಹುಡುಗ ಪಾತ್ರದೊಳಗೆ ಪೂರ್ತಿ ಇಳಿದುಬಿಟ್ಟಿದ್ದ. ಅಳುತ್ತಾ ಎರಡು ಹೆಜ್ಜೆ ಮುಂದೆ ಬಂದ, ಕೈಯೆತ್ತಿದ, ಅಲ್ಲೇ ತಡವರಿಸಿ ನಿಂತ. ಈ ಸಲ ನಿಜವಾಗಿಯೂ ಮರೆತಿತ್ತು. ಎಲ್ಲಿದ್ದೇನೆ, ಪರದೆಯ ಹಿಂದೆ ಕೂತವರು ಯಾರು ಎಂಬ ಪರಿವೆಯೇ ಇಲ್ಲದೆ, ತಿರುಗಿಯೂ ನೋಡದೆ, ಪ್ರಾಂಪ್ಟರುಗಳ ಮೇಲೆ ನಟರೆಲ್ಲ ರೇಗುವಂತೆ ರೇಗಿದ.

"ಮಾತು ಕೊಡೋ! ಬೇಗ!"

ಸೇನಾಪತಿ ನಾಲಿಗೆ ಕಚ್ಚಿಕೊಂಡ. ಮ್ಯಾನೇಜರು ಕುರ್ಚಿಯಿಂದ ಅರ್ಧ ಎದ್ದರು. ರಾಜರು ಅವರಿಗೆ ಕೂರು ಎಂದು ಕೈಸನ್ನೆ ಮಾಡಿ, ಹುಡುಗನಿಗೆ ಮಾತ್ರ ಕೇಳಿಸುವಷ್ಟು ಸಣ್ಣ ದನಿಯಲ್ಲಿ ಮಾತು ಎತ್ತಿಕೊಟ್ಟರು.