ಸುಣ್ಣದ ಗೆರೆ

ಅಪ್ಪ ಹಿತ್ತಲಲ್ಲಿ ಸುಣ್ಣದ ಪುಡಿಯಿಂದ ಗೆರೆ ಎಳೆಯುತ್ತಿದ್ದರು. ನಾನು ಹಗ್ಗದ ತುದಿ ಹಿಡಿದು ಕುಳಿತಿದ್ದೆ. ಅಲ್ಲಿ ಪಾಯಖಾನೆ ಕಟ್ಟಬೇಕಿತ್ತು, ಅದಕ್ಕೊಂದು ಆಳವಾದ ತಗ್ಗು ತೆಗೆಯಬೇಕಿತ್ತು. ಅಪ್ಪ ಮರುದಿನ ಪಂಚಾಯ್ತಿಗೆ ಅರ್ಜಿ ಕೊಡುವವರಿದ್ದರು.

ಅಷ್ಟರಲ್ಲಿ ನನ್ನ ಗೆಳತಿ ಅಬಿದಾ ಬಂದಳು. ಅವಳು ಮಹಿಳಾ ಸಂಘದ ಸಭೆ ತಪ್ಪಿಸುವವಳಲ್ಲ.

“ಕಾಕಾ, ಬಾಜೂ ಮನಿ ಸಿದ್ದಲಿಂಗವ್ವಗ ಹೇಳೀರೇನ್ರಿ?”

“ನಮ್ಮ ಜಾಗಾದಾಗ ತಗ್ಗು ತೆಗಿಯಾಕ ಆಕೀನ್ನ ಯಾಕ ಕೇಳಬೇಕು? ಮೊದಲ ಆಕಿ ಬಾಯಿ ದೊಡ್ಡದು.”

“ಕೇಳೂದಲ್ಲರಿ, ಹೇಳೂದು.”

“ಸಂಘದಾಗ ಇದನ್ನೂ ಕಲಸ್ತಾರೇನವಾ?”

“ಮನ್ಯಾಗ ಕಲತದ್ದರಿ. ನಮ್ಮಣ್ಣ ಅಂಗಡಿ ಕಟ್ಟುಮುಂದ ಯಾರಿಗೂ ಹೇಳಲಿಲ್ಲ. ಬಾಜೂದವರು ತಕರಾರ ಕೊಟ್ಟರು, ಕೆಲಸ ನಿಂತತು. ಈಗ ಆ ಅರ್ಧ ಗ್ವಾಡಿ ಮ್ಯಾಲೆ ಕಾಗಿ ಕುಂಡರತಾವ.”

ಅಪ್ಪನಿಗೆ ನಗು ಬಂತು. ಆದರೂ ಗೊಣಗುತ್ತಲೇ ಹೋಗಿ ಸಿದ್ದಲಿಂಗವ್ವನನ್ನು ಕರೆತಂದರು.

ಅವಳು ಗೆರೆಯನ್ನು ನೋಡಿದಳು. ಆಮೇಲೆ ಕೋಲಿನಿಂದ ಗೆರೆಯ ನಡುವೆ ನೆಲ ಕುಟ್ಟಿದಳು. ಒಳಗಿಂದ ಟೊಳ್ಳು ಸದ್ದು ಬಂತು.

“ಬಸಂತರಾಯಾ, ಇದರ ಕೆಳಗ ನನ್ನ ಹಗೇವು ಐತೋ.”

ಹಗೇವು ಎಂದರೆ ನೆಲದೊಳಗೆ ಜೋಳ ತುಂಬಿಡುವ ಕಣಜ.

“ನಿಮ್ಮ ಹಗೇವು ನಿಮ್ಮ ಅಂಗಳದಾಗ ಐತಲ್ಲರಿ ವೈನಿ?”

“ಬಾಯಿ ಅಂಗಳದಾಗ ಐತಿ. ಹೊಟ್ಟಿ ಈ ಕಡೆ ಬಂದೈತಿ. ನಿಮ್ಮಪ್ಪ, ನಮ್ಮ ಮಾವ ಕೂಡೇ ತೆಗೆಸಿದ್ದು. ಆಗ ನಡುವ ಈ ಗ್ವಾಡಿ ಎಲ್ಲಿತ್ತು? ನೀ ಇನ್ನೂ ಅಂಬೆಗಾಲು ಹಾಕ್ತಿದ್ದಿ.”

ಅಪ್ಪ ಗೆರೆಯಿಂದ ಎರಡು ಹೆಜ್ಜೆ ಹಿಂದೆ ಸರಿದರು.

“ವರ್ಷದ ಜೋಳ ಅದರಾಗ ಐತಿ” ಎಂದಳು ಸಿದ್ದಲಿಂಗವ್ವ. “ಜೋಳ ಹೋದರ ಮುಂದಿನ ಸುಗ್ಗಿಗೆ ಬರ್ತಾವ. ಅಗಿಯಾವ ಕುಸದು ಒಳಗ ಬಿದ್ದಾನಂದ್ರ? ಮುಚ್ಚಿದ ಹಗೇವಿನ ಕೆಟ್ಟ ಗಾಳಿ ಕುಡದವರು ಎದ್ದು ಬರೂದಿಲ್ಲ.”

ಅಗೆಯಲು ಬರಬೇಕಿದ್ದವನು ದಸ್ತಗೀರಸಾಬ, ಅಬಿದಾಳ ತಂದೆ. ಅಬಿದಾ ನನ್ನ ಕೈ ಗಟ್ಟಿಯಾಗಿ ಹಿಡಿದಳು. ಅಪ್ಪ ಅವಳ ಮುಖ ನೋಡಿದರು, ಕಾಲಿನಿಂದ ಗೆರೆ ಅಳಿಸಿದರು.

“ಮತ್ತ ಎಲ್ಲಿ ತೆಗಿಲಿ ವೈನಿ? ನೀವ ಹೇಳ್ರಿ.”

“ಆ ಬೇವಿನ ಗಿಡದ ಕಡೆ ಗಟ್ಟಿ ನೆಲ ಐತಿ. ಆದರ ಆ ಕಡೆ ಮನಿ ಇಬ್ರಾಹಿಂಸಾಬಗೂ ಒಂದ ಮಾತು ಹೇಳು. ಬರೇ ನನ್ನ ಬಾಯಿ ದೊಡ್ಡದಂತ ಇಲ್ಲೇ ನಿಲ್ಲಬ್ಯಾಡ.”

ಅಪ್ಪ ಮೊದಲು ಆಡಿದ ಮಾತನ್ನೆಲ್ಲ ಅವಳು ಗೋಡೆಯ ಆಚೆಯಿಂದ ಕೇಳಿಸಿಕೊಂಡಿದ್ದಳು. ಅಪ್ಪ ತಲೆ ಕೆರೆದುಕೊಂಡರು.

ಇಬ್ರಾಹಿಂಸಾಬ ಬಂದು ಜಾಗ ನೋಡಿದ. ನೀರು ತನ್ನ ಗೋಡೆಯ ಬುಡಕ್ಕೆ ಇಳಿಯಬಾರದು ಎಂದಷ್ಟೇ ಹೇಳಿದ. ಅಪ್ಪ ತಗ್ಗನ್ನು ಗೋಡೆಯಿಂದ ಇನ್ನಷ್ಟು ದೂರಕ್ಕೆ ಸರಿಸಿದರು. ಅರ್ಜಿ ಹೋದದ್ದು ಆಮೇಲೆ. ಜಾಗ ನೋಡಲು ಪಂಚಾಯ್ತಿಯವರು ಬಂದ ದಿನ ಅವರಿಗೆ ಚಹಾ ತಂದು ಕೊಟ್ಟವಳು ಸಿದ್ದಲಿಂಗವ್ವ.

ಜಾಗ ನಿಮ್ಮದೇ ಇರಬಹುದು. ಆದರೆ ಅದರ ಕೆಳಗೆ ಏನಿದೆ, ಮಳೆ ನೀರು ಯಾವ ಕಡೆ ಹರಿಯುತ್ತದೆ ಎಂಬುದು ಪಕ್ಕದವರಿಗೆ ಗೊತ್ತಿರಬಹುದು. ಎಲ್ಲಿ ಕಟ್ಟುತ್ತೀರಿ, ಎಷ್ಟು ಎತ್ತರ, ಕಿಟಕಿ ಯಾವ ಕಡೆ ತೆರೆಯುತ್ತದೆ, ಇಷ್ಟು ಹೇಳಿದರೆ ಸಾಕು. ಅರ್ಜಿ ಕೊಡುವ ಮೊದಲೇ ಹೇಳಿ.

ನಿಮ್ಮ ಹಿತ್ತಲಲ್ಲಿಯೂ ಸುಣ್ಣದ ಗೆರೆ ಬಿದ್ದಿದ್ದರೆ, ಇವತ್ತು ಸಂಜೆ ಪಕ್ಕದ ಮನೆಗೆ ಒಮ್ಮೆ ಹೋಗಿ ಬನ್ನಿ.