ಮುಟ್ಟಿದರೆ ಜುಮ್ಮೆನ್ನುವ ವ್ಯಾನು

ನೆಂಟರೆಲ್ಲ ಹೊರಟುಹೋದ ಮರುದಿನ ಬೆಳಗ್ಗೆ ಅವಳು ಅಡುಗೆಮನೆಯ ಕಿಟಕಿ ಮುಚ್ಚಲು ಹೋದಳು. ಮುಚ್ಚುವಂತಿರಲಿಲ್ಲ. ಮಿಕ್ಸಿ ಹಾಕುವ ಪ್ಲಗ್ ಪಾಯಿಂಟಿನಿಂದ ಹೊರಟ ಹಳದಿ ವೈರೊಂದು ಕಿಟಕಿಯ ಸಂದಿಯಲ್ಲಿ ನುಸುಳಿ, ಒದ್ದೆ ಹುಲ್ಲಿನ ಮೇಲೆ ಹಾದು, ಹಿತ್ತಲಲ್ಲಿ ನಿಂತ ವ್ಯಾನಿಗೆ ಹೋಗುತ್ತಿತ್ತು.

ಅದು ಬರೀ ವ್ಯಾನಲ್ಲ, ಚಕ್ರದ ಮೇಲಿನ ಮನೆ. ಒಳಗೆ ಎರಡು ಹಾಸಿಗೆ, ಕರೆಂಟಿನ ಒಲೆ, ನೀರಿನ ಮಾದರಿ ಇಡುವ ಫ್ರಿಜ್ಜು. ಗಂಡ ಓಡಿಸುತ್ತಿದ್ದ. ರಸಾಯನಶಾಸ್ತ್ರ ಓದಿದ ಅವಳು ಊರೂರಿನ ಬಾವಿ ನೀರು ಪರೀಕ್ಷಿಸುತ್ತಿದ್ದಳು. ಮನೆಗೆ ಬಂದಾಗ ಫ್ರಿಜ್ಜು ನಿಲ್ಲದಿರಲಿ ಎಂದು ಗಂಡ ಈ ವೈರು ಎಳೆದಿದ್ದ. ಮಳೆ ಬಂದ ದಿನ ವ್ಯಾನಿನ ಹಿಡಿ ಮುಟ್ಟಿದರೆ ಕೈ ಜುಮ್ಮೆನ್ನುತ್ತಿತ್ತು. "ವ್ಯಾನು ಕಚ್ಚುತ್ತೆ, ಚಪ್ಪಲಿ ಹಾಕ್ಕೊಂಡು ಹತ್ತಿ" ಎಂದು ನಗುತ್ತಿದ್ದ. ಎರಡು ವರ್ಷದಲ್ಲಿ ಮನೆಯವರೆಲ್ಲ ಅದಕ್ಕೆ ಒಗ್ಗಿಹೋಗಿದ್ದರು.

ಅವಳು ಕಿಟಕಿಯಿಂದ ನೋಡುತ್ತಿದ್ದಂತೆ ನಾಲ್ಕು ವರ್ಷದ ಮಗಳು ಹಿತ್ತಲಿಗೆ ಇಳಿದಳು. ಬರಿಗಾಲು. ನೇರ ವ್ಯಾನಿನ ಕಡೆಗೆ.

ಅವಳು ಓಡಿಹೋಗಿ ಎತ್ತಿಕೊಂಡಳು. ಮಗು ಕೊಸರಾಡಿತು. "ಬಿಡಮ್ಮ. ಅಪ್ಪ ಒಳಗಿದಾನಾ ನೋಡ್ತೀನಿ."

ಅವಳಿಗೆ ಅಳು ಬರಲಿಲ್ಲ. ಗಂಡ ತೀರಿಕೊಂಡ ದಿನದಿಂದಲೂ ಬಂದಿರಲಿಲ್ಲ. ಒಳಗೆ ಬಂದು ಕೈ ಒರೆಸಿಕೊಂಡು, ಸ್ವಿಚ್ಚು ಆರಿಸಿ, ಪ್ಲಗ್ಗು ಕಿತ್ತಳು.

"ಯಾಕಮ್ಮಾ ಕಿತ್ತೆ?" ಬಾಗಿಲಲ್ಲಿ ಮಾವ ನಿಂತಿದ್ದರು.

"ಹೊರಗಡೆ ಸರಿಯಾದ ಲೈನು ಎಳೆಸೋವರೆಗೂ ಇದನ್ನ ಹಾಕಲ್ಲ ಮಾವ. ಇನ್ನು ಹತ್ತು ದಿನಕ್ಕೆ ನೀರು ಪರೀಕ್ಷೆಯ ಮುಂದಿನ ಸುತ್ತು. ಇನ್ಮೇಲೆ ವ್ಯಾನು ನಾನೇ ಓಡಿಸ್ಬೇಕು, ಪಾಪು ಅದರಲ್ಲೇ ಮಲಗ್ಬೇಕು."

"ಎರಡು ವರ್ಷ ಏನೂ ಆಗ್ಲಿಲ್ಲವಲ್ಲ."

"ಆಗೋವರೆಗೂ ಕಾಯೋಕಾಗುತ್ತಾ?"

ಮಾವನ ಮುಖ ಬಿಗಿಯಿತು. "ಅವನು ಕೈಯಾರೆ ಎಳೆದ ವೈರು. ಅವನು ಹೋಗಿ ವಾರ ಆಗಿಲ್ಲ, ಅವನ ಕೆಲಸದಲ್ಲಿ ಹುಳುಕು ಹುಡುಕ್ತೀಯಾ?"

ಅವಳು ಹೋಗಿ ಫೋನು ಮಾಡಿದಳು.

ಬಂದವಳು ವೈರಿಂಗ್ ಅಕ್ಕ. ಪರವಾನಗಿ ಇರುವ ಎಲೆಕ್ಟ್ರಿಷಿಯನ್. ಕೈಯಷ್ಟೇ ಬಾಯಿಯೂ ಚುರುಕು. ಕಿಟಕಿಯ ವೈರನ್ನು ನೋಡಿ, "ಏನ್ ಯಜಮಾನ್ರೇ, ವ್ಯಾನಿಗೆ ಮೂಗುದಾರ ಹಾಕಿದೀರಾ? ಓಡಿಹೋಗುತ್ತೆ ಅಂತಾನಾ?" ಎಂದಳು. ಮಾವ ನಗಲಿಲ್ಲ.

ಎಲ್ಲರನ್ನೂ ದೂರ ನಿಲ್ಲಿಸಿ, ರಬ್ಬರ್ ಬೂಟು, ಕೈಗವಸು ತೊಟ್ಟು, ಅಕ್ಕ ವೈರಿಗೆ ಕರೆಂಟು ಕೊಟ್ಟಳು. ಮೀಟರಿನ ಒಂದು ಮೊನೆಯನ್ನು ವ್ಯಾನಿನ ತಗಡಿಗೆ, ಇನ್ನೊಂದನ್ನು ಒದ್ದೆ ಮಣ್ಣಿಗೆ ಇಟ್ಟಳು. ಮೀಟರು ತೊಂಬತ್ತು ವೋಲ್ಟು ತೋರಿಸಿತು.

"ಸ್ವಲ್ಪ ಜುಮ್ಮನ್ನುತ್ತೆ, ಅಷ್ಟೇ ತಾನೇ?" ಎಂದರು ಮಾವ.

"ವ್ಯಾನು ರಬ್ಬರ್ ಚಕ್ರದ ಮೇಲೆ ನಿಂತಿದೆ ಯಜಮಾನ್ರೇ. ಸೋರಿದ ಕರೆಂಟಿಗೆ ನೆಲಕ್ಕೆ ಇಳಿಯೋಕೆ ದಾರಿ ಇಲ್ಲ. ತಗಡಲ್ಲೇ ಹೊಂಚುಹಾಕಿ ಕೂತಿರುತ್ತೆ. ಬರಿಗಾಲಲ್ಲಿ ಯಾರು ಮುಟ್ತಾರೋ ಅವರ ಮೈಯೇ ಅದಕ್ಕೆ ದಾರಿ. ಇವತ್ತು ಜುಮ್ಮಲ್ಲಿ ಬಿಟ್ಟಿದೆ. ನಾಳೆ ಬಿಡುತ್ತೆ ಅಂತ ಬರೆದುಕೊಟ್ಟಿದೆಯಾ?" ಕರೆಂಟು ತೆಗೆದು ಪ್ಲಗ್ಗು ಬಿಚ್ಚಿದಳು. "ನೋಡಿ, ವೈರಲ್ಲಿ ಎರಡೇ ಎಳೆ. ಸೋರಿದ ಕರೆಂಟನ್ನ ನೆಲಕ್ಕೆ ಇಳಿಸೋ ಅರ್ಥಿಂಗಿನ ಮೂರನೇ ಎಳೆ ಇಲ್ಲವೇ ಇಲ್ಲ. ಫ್ರಿಜ್ಜು, ಒಲೆ ಎರಡನ್ನೂ ಹೊರೋ ದಪ್ಪಾನೂ ಇಲ್ಲ. ಬಿಸಿಯಾಗಿ ಪ್ಲಗ್ಗು ಕರಗಿದೆ."

"ಏನೇನು ಬೇಕು ಹೇಳಿ" ಎಂದಳು ಅವಳು.

"ಮೇನ್ ಬೋರ್ಡಿಂದಲೇ ವ್ಯಾನಿಗೆ ಅಂತ ಬೇರೆ ಲೈನು. ಅದಕ್ಕೇ ಅಂತ ಎಂಸಿಬಿ, ಹೊರೆ ಜಾಸ್ತಿಯಾದ್ರೆ ಬೀಳೋ ಸ್ವಿಚ್ಚು. ಹೊರೆಗೆ ತಕ್ಕ ದಪ್ಪದ ಮೂರೆಳೆ ತಂತಿ, ಪೈಪಿನೊಳಗೆ. ಹೊರಗೋಡೆಗೆ ಮಳೆ ನುಗ್ಗದ, ಮುಚ್ಚಳ ಇರೋ ಪ್ಲಗ್ ಡಬ್ಬಿ. ಮುಖ್ಯವಾಗಿ ಆರ್‌ಸಿಸಿಬಿ. ಕರೆಂಟು ಸೋರಿದ್ರೆ ಕಣ್ಣು ಮಿಟುಕಿಸೋದರೊಳಗೆ ಬೀಳೋ ಸ್ವಿಚ್ಚು ಅದು. ಜೊತೆಗೆ ಗಟ್ಟಿ ಅರ್ಥಿಂಗ್. ಒಂದಿದ್ರೆ ಇನ್ನೊಂದು ಬೇಡ ಅನ್ನೋ ಹಾಗಿಲ್ಲ, ಜೋಡೆತ್ತು ಇದ್ದಂತೆ."

"ಏನಾದ್ರೂ ಮಾಡ್ಕೊಳ್ಳಿ. ಅವನ ವೈರು ಮಾತ್ರ ಮುಟ್ಟಬೇಡಿ" ಎಂದು ಮಾವ ಬೆನ್ನು ತಿರುಗಿಸಿ ಕೂತರು.

ಅಷ್ಟರಲ್ಲಿ ಪಕ್ಕದ ಮನೆಯ ಬಸ್ ಡ್ರೈವರು ಗೇಟಿನ ಹತ್ತಿರ ಬಂದು ನಿಂತ. ಒಳಗೆ ಬರಲು ಹಿಂಜರಿದ.

"ಕೇಳೋ ಹೊತ್ತಲ್ಲ, ತಪ್ಪು ತಿಳೀಬೇಡಿ. ನಮ್ಮ ಹಾರೆ ಇಲ್ಲಿದೆ. ಬೇಲಿ ಕಂಬ ಬಿದ್ದುಹೋಗಿದೆ."

"ನಿನ್ನ ಹಾರೆ ನಮ್ಮನೇಲಿ ಯಾಕಿರುತ್ತಪ್ಪ?" ಎಂದರು ಮಾವ.

"ನಿಮ್ಮ ಮಗನೇ ತಂದಿದ್ದ. ವ್ಯಾನಿಗೆ ಅರ್ಥಿಂಗ್ ಗುಂಡಿ ತೋಡ್ತೀನಿ, ಪಾಪು ಈಗೀಗ ಬರಿಗಾಲಲ್ಲೇ ಓಡಾಡ್ತಾಳೆ ಅಂದ. ಎರಡು ದಿನ ಬಿಟ್ಟು ಕೊಡ್ತೀನಿ ಅಂದ. ಮರುದಿನಾನೇ ಜ್ವರ ಬಂತಂತೆ, ಮತ್ತೆ ಏಳಲೇ ಇಲ್ಲ."

ಎಲ್ಲರೂ ವ್ಯಾನಿನ ಹಿಂದಕ್ಕೆ ಹೋದರು. ಹಾರೆ ಗೋಡೆಗೆ ಒರಗಿತ್ತು. ಅದರ ಬುಡದಲ್ಲಿ ಮೊಣಕಾಲಾಳದ ಗುಂಡಿ, ತುಂಬ ಮಳೆನೀರು.

ಮಾವ ಅದನ್ನೇ ನೋಡುತ್ತ ನಿಂತರು. ಆಮೇಲೆ ಅಂಗಿಯ ತೋಳು ಮಡಿಸಿದರು.

"ಇನ್ನೂ ಎಷ್ಟು ಆಳ ಬೇಕಮ್ಮಾ?" ಎಂದು ಅಕ್ಕನನ್ನು ಕೇಳಿದರು. ಡ್ರೈವರಿನ ಕಡೆ ತಿರುಗಿ, "ಹಾರೆ ನಾಡಿದ್ದು ಕೊಡ್ತೀವಿ. ಅವನು ಹೇಳಿದ್ದೂ ಎರಡೇ ದಿನ ತಾನೇ" ಎಂದರು.

ಮೂರನೆಯ ದಿನ ಕೆಲಸ ಮುಗಿಯಿತು. ಅಕ್ಕ ಹೊಸ ಆರ್‌ಸಿಸಿಬಿಯ ಟೆಸ್ಟ್ ಗುಂಡಿ ಒತ್ತಿದಳು. ಟಕ್ ಎಂದು ಬಿತ್ತು. "ತಿಂಗಳಿಗೊಂದ್ಸಲ ಒತ್ತಿ ನೋಡಿ. ಬೀಳದಿದ್ರೆ ವ್ಯಾನಿಗೆ ಕರೆಂಟು ಕೊಡ್ಬೇಡಿ, ನನ್ನ ಕರೀರಿ. ಆಗಾಗ ತಾನಾಗೇ ಬೀಳ್ತಿದ್ರೂ ಕರೀರಿ, ಅದನ್ನ ಕಟ್ಟಿ ನಿಲ್ಲಿಸೋ ಜಾಣತನ ಬೇಡ. ಪ್ಲಗ್ಗು ಹಾಕೋವಾಗ, ತೆಗೆಯೋವಾಗ ಸ್ವಿಚ್ಚು ಆರಿಸಿರಿ."

ಬಿದ್ದ ಸ್ವಿಚ್ಚನ್ನು ಮತ್ತೆ ಎತ್ತಿ, ವ್ಯಾನಿಗೆ ಕರೆಂಟು ಕೊಟ್ಟು ಮೀಟರು ಹಿಡಿದಳು. ಸೊನ್ನೆ.

"ಇನ್ನೊಂದ್ಸಲ ನೋಡಮ್ಮಾ" ಎಂದರು ಮಾವ. ಮತ್ತೆ ಸೊನ್ನೆ. ಅವರು ಒಳಗೆ ಹೋಗಿ ಹಳದಿ ವೈರು ತಂದು, ಇನ್ಯಾರೂ ಬಳಸದಂತೆ ಕತ್ತರಿಯಿಂದ ತುಂಡು ತುಂಡು ಮಾಡಿದರು.

ಅವಳು ಹಾರೆಯ ಮಣ್ಣು ತೊಳೆದು, ಒರೆಸಿ, ಪಕ್ಕದ ಮನೆಗೆ ತೆಗೆದುಕೊಂಡು ಹೋದಳು. ಡ್ರೈವರು ಜಗಲಿಯಲ್ಲಿ ಕೂತಿದ್ದ. ಅವನ ಕಿಟಕಿಯಿಂದಲೂ ಒಂದು ವೈರು ಇಳಿದಿತ್ತು, ಅಂಗಳದ ಕರೆಂಟು ಸ್ಕೂಟರಿಗೆ.

"ಇಷ್ಟು ಅವಸರ ಏನಿತ್ತಮ್ಮಾ? ಇಟ್ಕೊಂಡಿದ್ರೆ ಆಗ್ತಿತ್ತು."

"ಅವರು ತಂದಿದ್ದ ಕೆಲಸ ಮುಗೀತು ಅಣ್ಣ." ಅವಳು ಹಾರೆಯನ್ನು ಅವನ ಕೈಗೆ ಕೊಟ್ಟಳು. ವೈರಿನ ಕಡೆ ನೋಡಿದಳು. "ಹಾರೆ ಒಳಗಿಡಬೇಡಿ, ನಿಮ್ಮ ಅರ್ಥಿಂಗ್ ಗುಂಡಿಗೂ ಬೇಕಾಗುತ್ತೆ. ಅಕ್ಕ ಇನ್ನೂ ನಮ್ಮನೇಲೇ ಇದಾರೆ, ಕರೀತೀನಿ."

ಇದನ್ನು ಓದುತ್ತಿರುವವರೇ, ಕೇಳುತ್ತಿರುವವರೇ, ನಿಮ್ಮ ಮನೆಯ ಕಿಟಕಿಯಿಂದಲೂ ವೈರು ಹೊರಗೆ ಹೋಗಿದ್ದರೆ, ವ್ಯಾನಿಗಾಗಲಿ, ಸ್ಕೂಟರಿಗಾಗಲಿ, ಪಂಪಿಗಾಗಲಿ, ಇವತ್ತೇ ಆರಿಸಿ ಕೀಳಿ. ಜುಮ್ಮೆಂದರೆ ನಗಬೇಡಿ, ಚಪ್ಪಲಿ ಹುಡುಕಬೇಡಿ. ಪರವಾನಗಿ ಇರುವ ಎಲೆಕ್ಟ್ರಿಷಿಯನ್ನರನ್ನು ಕರೆಸಿ, ಹೊರಗಿನ ಲೈನನ್ನು ಬೇರೆಯಾಗಿ ಹಾಕಿಸಿ. ಮಕ್ಕಳು ಬರಿಗಾಲಲ್ಲೇ ಓಡುತ್ತಾರೆ. ಅವರನ್ನು ತಡೆಯುವುದಕ್ಕಿಂತ ಕರೆಂಟನ್ನು ತಡೆಯುವುದು ಸುಲಭ.